ಎಡ ಚಕ್ರದ ಕೂಗು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಊಟಕ್ಕೆ ಕೂತಾಗಲೂ ಒಂದು ಮಂಡಿ ಅಲ್ಲಾಡುತ್ತಲೇ ಇರುತ್ತದೆ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟವ್ನೆ ಇವ್ನು" ಎಂದು ಅಮ್ಮ ಬೈಯುತ್ತಿದ್ದಳು. ಇಷ್ಟು ವಯಸ್ಸಾದ ಮೇಲೂ ಆ ಚಾಳಿ ಹೋಗಿಲ್ಲ. ಆದರೆ ಎಪ್ಪತ್ತರ ದಶಕದ ಮೊದಲಲ್ಲಿ ಒಂದು ಭಾನುವಾರ ಬೆಳಗಿನಿಂದ ಸೋಮವಾರ ಮಧ್ಯಾಹ್ನದವರೆಗೆ ನಾನು ಪಟ್ಟ ತಳಮಳ ಬೇರೆಯದೇ. ಅದಕ್ಕೆ ಕಾರಣ ನನ್ನ ಕಾರಿನ ಮುಂದಿನ ಎರಡು ಚಕ್ರಗಳ ಬ್ರೇಕು. ಅದನ್ನು ಕಳಚಿ ಹೊಸದು ಕೂರಿಸಿದವನು ನಾನು. ಆ ಕಾರಿನಲ್ಲಿ ಹೊರಡಬೇಕಾಗಿದ್ದವಳು ಐದು ತಿಂಗಳ ಮಗುವನ್ನು ಮಡಿಲಲ್ಲಿಟ್ಟುಕೊಂಡ ನನ್ನ ತಂಗಿ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿ. ಅಪ್ಪನದು ರೇಷ್ಮೆ ಸೀರೆ ನೇಯುವ ಕೈಮಗ್ಗ. ಹಜಾರದಲ್ಲೇ ಗುಂಡಿ, ಗುಂಡಿಯೊಳಗೆ ಅಪ್ಪನ ಎರಡು ಕಾಲು, ಮೇಲೆ ಮಗ್ಗ. ಮುಂಜಾನೆಯಿಂದ ದೀಪ ಹಚ್ಚುವವರೆಗೆ ಆ ಕಾಲುಗಳು ಹಲಗೆಯನ್ನು ತುಳಿಯುತ್ತಲೇ ಇರುತ್ತಿದ್ದವು. ನಾನು ಮಗ್ಗಕ್ಕೆ ಕೂರಲಿಲ್ಲ. ಕೂತಿದ್ದರೆ ಒಂದೇ ದಿನದಲ್ಲಿ ಎಳೆಗಳನ್ನೆಲ್ಲ ಹರಿದುಹಾಕುತ್ತಿದ್ದೆ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿ, ದಿನಾ ರೈಲಿನಲ್ಲಿ ಹೋಗಿಬಂದು ಮಾಡುತ್ತಿದ್ದೆ. ಅಲ್ಲಿಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಕಪ್ಪು ಕಾರನ್ನು ನನಗೆ ಬಿಟ್ಟುಕೊಟ್ಟರು. ನಮ್ಮ ಬೀದಿಗೆ ಬಂದ ಮೊದಲ ಕಾರು ಅದು. ಅದರ ಜೊತೆಗೆ ನನ್ನ ತಲೆಗೆ ಕೊಂಬೂ ಬಂತು.

ತಂಗಿಯನ್ನು ದೇವನಹಳ್ಳಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ದಿನ ಗೊತ್ತಾಗಿತ್ತು. ಸೋಮವಾರ, ಮಧ್ಯಾಹ್ನದೊಳಗೆ ಮಗುವನ್ನು ಹೊಸಿಲು ದಾಟಿಸಬೇಕು ಎಂದು ಅವಳ ಅತ್ತೆ ಹೇಳಿಕಳಿಸಿದ್ದರು. ಬಸ್ಸಿನಲ್ಲಿ ಕಳಿಸೋಣ ಎಂದ ಅಪ್ಪನಿಗೆ ನಾನು, "ಮನೇಲಿ ಕಾರು ಮಡಿಕ್ಕೊಂಡು ಬಾಣಂತೀನ ಬಸ್ಸಲ್ಲಿ ನೂಕಿಸ್ತೀಯಾ?" ಎಂದು ಎಗರಿಬಿದ್ದಿದ್ದೆ. ಹಾಗೆ ಎಗರಿದ ನಾಲ್ಕೇ ದಿನಕ್ಕೆ ಬ್ರೇಕು ಒತ್ತಿದಾಗ ಮುಂದಿನ ಚಕ್ರದಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು ಬರತೊಡಗಿತು.

ಆ ಕಾಲದ ಕಾರುಗಳ ಬ್ರೇಕು ಈಗಿನ ಹಾಗಲ್ಲ. ಚಕ್ರದ ಒಳಗೆ ದೊಡ್ಡ ಬೋಗುಣಿಯಂಥ ಡ್ರಮ್ಮು. ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಶೂ. ಶೂವಿನ ಮೈಗೆ ಅಂಟಿದ ಒರಟು ಪಟ್ಟಿಗೆ ಲೈನರ್ ಎನ್ನುತ್ತಿದ್ದೆವು. ಕಾಲು ಒತ್ತಿದರೆ ಶೂಗಳು ಅಗಲವಾಗಿ ಡ್ರಮ್ಮಿನ ಒಳಮೈಗೆ ಆತುಕೊಂಡು, ತಿರುಗುವ ಚಕ್ರವನ್ನು ಹಿಡಿದು ನಿಲ್ಲಿಸುತ್ತವೆ. ನನ್ನ ಕಾರಿನ ಲೈನರ್ ಪೂರ್ತಿ ಸವೆದುಹೋಗಿತ್ತು. ಶನಿವಾರ ಕೆಲಸ ಬಿಟ್ಟ ಮೇಲೆ ಜೆ.ಸಿ. ರಸ್ತೆಗೆ ಹೋಗಿ ಹೊಸ ಶೂಗಳನ್ನೂ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ಪುಗಳನ್ನೂ ಬ್ರೇಕ್ ಆಯಿಲನ್ನೂ ತಂದೆ. ಮೆಕ್ಯಾನಿಕ್ ಹತ್ತಿರ ಬಿಟ್ಟರೆ ಬುಧವಾರ ಕೊಡುತ್ತೇನೆ ಎಂದ. ನಾನೂ ಪಾನಾ ಹಿಡಿಯುವವನೇ ತಾನೆ, ಮನೆಯಲ್ಲೇ ಹಾಕಿಕೊಂಡರಾಯಿತು ಎಂದುಕೊಂಡೆ. ಬ್ರೇಕನ್ನು ಅದುವರೆಗೆ ನಾನು ಬಿಚ್ಚಿದವನಲ್ಲ. ಮನೆಯಲ್ಲಿ ಅದನ್ನು ಹೇಳಲಿಲ್ಲ.

ಭಾನುವಾರ ಕಾಫಿ ಲೋಟ ಪೂರ್ತಿ ಖಾಲಿಯಾಗುವ ಮೊದಲೇ ಕಾರಿನ ಕೆಳಗೆ ಜಾಕಿ ಇಟ್ಟೆ. ಎತ್ತಿದ ಮೇಲೆ ಕೆಳಗೆ ಬಟ್ಟೆ ಒಗೆಯುವ ಎರಡು ಹಳೆಯ ಕಲ್ಲುಗಳನ್ನು ಉರುಳಿಸಿಕೊಂಡು ಬಂದು ಆನಿಸಿದೆ. ಎಡಗಡೆಯ ಡ್ರಮ್ಮು ಸುತ್ತಿಗೆಯಲ್ಲಿ ತಟ್ಟಿದರೂ ಜಪ್ಪಯ್ಯ ಅನ್ನಲಿಲ್ಲ. ಒಂದು ಗಂಟೆ ಗುದ್ದಾಡಿದ ಮೇಲೆ ಕಿತ್ತುಕೊಂಡು ಬಂತು. ಸ್ಪ್ರಿಂಗ್ ಎಳೆಯುವಾಗ ಅದು ಚಿಮ್ಮಿ ಹೆಬ್ಬೆರಳ ಸಂದಿಯಲ್ಲಿ ರಕ್ತ ತೆಗೆಯಿತು. ಯಾವ ಸ್ಪ್ರಿಂಗ್ ಮೇಲಿನದು, ಯಾವುದು ಕೆಳಗಿನದು ಎಂದು ನೋಡಿಟ್ಟುಕೊಳ್ಳದೆ ಎಳೆದುಬಿಟ್ಟಿದ್ದರಿಂದ ಬಲಗಡೆಯದನ್ನೂ ಬಿಚ್ಚಿ, ಅದನ್ನು ನೋಡಿಕೊಂಡು ಇದನ್ನು ಕೂರಿಸಬೇಕಾಯಿತು. ಅಪ್ಪ ಅವತ್ತು ಮಗ್ಗ ಬಿಟ್ಟು ಜಗಲಿಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. ಒಂದೆರಡು ಸಲ ಏನೋ ಕೇಳಲು ಬಾಯಿ ತೆರೆದ. ನಾನು ಅವನ ಕಡೆ ತಿರುಗಲಿಲ್ಲ.

ಹೊಸ ಕಪ್ಪುಗಳನ್ನು ಹಾಕಿದ್ದರಿಂದ ಆಯಿಲ್ ಕೊಳವೆಯಲ್ಲಿ ಗಾಳಿ ಸೇರಿಕೊಂಡಿತ್ತು. ಗಾಳಿ ತೆಗೆಯದಿದ್ದರೆ ಬ್ರೇಕು ಹಿಡಿಯುವುದಿಲ್ಲ. ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದುಕೊಂಡೇ ಇರಬೇಕು. ಇನ್ನೊಬ್ಬರು ಚಕ್ರದ ಹಿಂದಿನ ಪುಟ್ಟ ತಿರುಪು ಸಡಿಲಿಸಿ, ಗಾಳಿಯ ಜೊತೆಗೆ ಆಯಿಲ್ ಹೊರಬಂದ ಮೇಲೆ ಮುಚ್ಚಬೇಕು. ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಅಪ್ಪನನ್ನು ಕೂರಿಸಿದೆ. ಅಪ್ಪ ಚಪ್ಪಲಿ ಬಿಟ್ಟು, ಪೆಡಲ್ಲಿಗೆ ಒಂದು ಸಲ ಕೈಮುಗಿದು ಕಾಲಿಟ್ಟ. ಮಗ್ಗಕ್ಕೆ ಇಳಿಯುವಾಗಲೂ ಹಾಗೇ ಮಾಡುತ್ತಿದ್ದ.

"ಒತ್ತು. ಹಿಡ್ಕೋ. ನಾನು ಹೇಳೋವರ್ಗೂ ಬಿಡ್ಬೇಡ."

ಒತ್ತಿದ. ನಾನು ತಿರುಪು ತಿರುಗಿಸುವಷ್ಟರಲ್ಲಿ ಬಿಟ್ಟ. ಮತ್ತೆ ಒತ್ತಿದ, ಮತ್ತೆ ಬಿಟ್ಟ. ನಲವತ್ತು ವರ್ಷ ತುಳಿದು ಎತ್ತಿ, ತುಳಿದು ಎತ್ತಿ ಮಾಡಿದ ಕಾಲು. ಹಿಡಿದು ನಿಲ್ಲುವುದು ಅದಕ್ಕೆ ಗೊತ್ತೇ ಇರಲಿಲ್ಲ. ಆರನೇ ಸಲವೂ ಕೊಳವೆ ಗುಳುಗುಳು ಅಂದಾಗ ನನಗೆ ರೇಗಿಹೋಯಿತು.

"ಅದು ಮಗ್ಗ ಅಲ್ಲಪ್ಪಾ! ಇಳಿ ಕೆಳಕ್ಕೆ. ನಿನ್ ಕೈಲಾಗಲ್ಲ."

ಅಪ್ಪ ಇಳಿದ. ತಂಗಿ ಮಗುವನ್ನು ಅಮ್ಮನ ಕೈಗೆ ಕೊಟ್ಟು ತಾನೇ ಬಂದು ಕೂತಳು. "ಬಾಣಂತಿ ಕಣೋ, ಸೊಂಟ ಹಿಡ್ಕೊಂಡ್ರೆ ಏನ್ ಗತಿ?" ಎಂದು ಅಮ್ಮ ಬೈಯುತ್ತಿದ್ದರೂ ಅವಳು ಹಲ್ಲುಕಚ್ಚಿ ಒತ್ತಿಹಿಡಿದಳು. ಎರಡೂ ಕಡೆಯ ಗಾಳಿ ಹೋಯಿತು. ಪೆಡಲ್ ಗಟ್ಟಿಯಾಯಿತು. ಕಾರಿನಿಂದ ಇಳಿಯುವಾಗ ಅವಳು ಮೆಲ್ಲಗೆ, "ಅಪ್ಪನಿಗೆ ಹಂಗೆಲ್ಲ ಅನ್ಬೇಡ ಕಣಣ್ಣ" ಎಂದಳು. ನಾನು ಪಾನಾ ಒರೆಸುತ್ತಾ ನಿಂತೆ.

ಸಂಜೆ ಬೀದಿಯಲ್ಲಿ ಓಡಿಸಿ ನೋಡಿದೆ. ಬ್ರೇಕು ಕಚ್ಚಿ ಹಿಡಿಯುತ್ತಿತ್ತು. ಆದರೆ ಹಿಡಿದಾಗಲೆಲ್ಲ ಎಡಗಡೆಯ ಚಕ್ರ ಕೀಈಈ ಎಂದು ಕೂಗುತ್ತಿತ್ತು. ಮಗ್ಗ ನಿಲ್ಲಿಸಿ ಜನ ಬಾಗಿಲಿಗೆ ಬಂದರು. ನೇಕಾರರ ಬೀದಿಯಲ್ಲಿ ಕಿರುಗುಟ್ಟುವ ಮಗ್ಗವೆಂದರೆ ಮನೆಯ ಯಜಮಾನನಿಗೆ ಅವಮಾನ. ಎಣ್ಣೆ ಕಾಣದ ಮಗ್ಗ, ಸೋಂಬೇರಿಯ ಮಗ್ಗ ಎಂದು ಆಡಿಕೊಳ್ಳುತ್ತಿದ್ದರು. ಅಪ್ಪನ ಎಡಗೈ ಪಕ್ಕದ ಗೂಡಿನಲ್ಲಿ ಉದ್ದ ಮೂತಿಯ ಎಣ್ಣೆ ಗಿಂಡಿ ಸದಾ ಇರುತ್ತಿತ್ತು. ಮಗ್ಗದ ಎಲ್ಲಿ ಒಂದು ಚೂರು ಕಿರ್ ಅಂದರೂ ಎರಡು ತೊಟ್ಟು ಬಿಟ್ಟೇ ಮುಂದಿನ ಲಾಳಿ ಎಸೆಯುತ್ತಿದ್ದ.

"ಎಣ್ಣೆ ಕೇಳ್ತೈತೆ ಕಣಪ್ಪಾ ಅದು" ಎಂದ ಅಪ್ಪ.

"ಹೊಸದು, ಹಂಗೇ ಕೂಗ್ತೈತೆ. ನಾಲ್ಕು ದಿನ ಓಡಿದ್ರೆ ಸರಿಹೋಗ್ತೈತೆ."

"ಬೀಗರ ಬೀದಿಲಿ ಹಿಂಗೇ ಕೂಗಿದ್ರೆ? ಎಲ್ಲಾ ಬಂದು ನೋಡಲ್ವಾ? ಹುಡುಗಿ ತಲೆ ತಗ್ಗಿಸ್ಬೇಕಾಗ್ತೈತೆ."

"ನಿಂಗೆ ಇದೆಲ್ಲಾ ಗೊತ್ತಾಗಲ್ಲ. ಸುಮ್ನಿರು."

ಎಣ್ಣೆ ಏಕೆ ಬಿಡಬಾರದು ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ. ಹೇಳುವ ತಾಳ್ಮೆ ಇರಲಿಲ್ಲ ಎನ್ನುವುದು ಅರ್ಧ ನಿಜ. ಉಳಿದರ್ಧ ಹೇಳಿಕೊಳ್ಳಲು ನಾಚಿಕೆಯಾಗುವಂಥದು. ನನಗೆ ಗೊತ್ತಿದ್ದು ಅಪ್ಪನಿಗೆ ಗೊತ್ತಿಲ್ಲದ್ದು ಇದೊಂದೇ ಆಗಿತ್ತು. ಅದನ್ನು ಹಂಚಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಅದು ಕಳೆಯುವವರೆಗೆ ಯಾರೂ ಹೊಸಿಲು ದಾಟುವಂತಿಲ್ಲ. ನನಗೋ ಏಳಕ್ಕೇ ಹೊರಡುವ ಆತುರ. ಒಳಗೆ ಹೋಗುತ್ತೇನೆ, ಹೊರಗೆ ಬರುತ್ತೇನೆ, ನಟ್ಟುಗಳನ್ನು ಮತ್ತೊಮ್ಮೆ ಬಿಗಿಯುತ್ತೇನೆ. ಸ್ಪ್ರಿಂಗ್ ಸರಿಯಾಗಿ ಕೂತಿದೆಯೋ ಇಲ್ಲವೋ, ತಿರುಪು ಗಟ್ಟಿಯಿದೆಯೋ ಇಲ್ಲವೋ ಎಂದು ತಲೆಯೊಳಗೇ ಬಿಚ್ಚಿ ಕೂರಿಸುತ್ತೇನೆ. "ಒಂದ್ ಕಡೆ ಕೂತ್ಕೊಳ್ಳೋ ಮಾರಾಯ, ನಿನ್ ನೋಡಿ ಮಗೂನೂ ಅಳ್ತೈತೆ" ಎಂದು ಅಮ್ಮ ನನ್ನನ್ನು ಸ್ನಾನಕ್ಕೆ ಅಟ್ಟಿದಳು. ನಾನು ನೀರು ಹುಯ್ದುಕೊಂಡು ಬರುವಷ್ಟರಲ್ಲಿ ಅಪ್ಪ ಹೊಸ ಪಂಚೆ ಉಟ್ಟು, ಕಾರಿನ ಪಕ್ಕ ಮಗುವಿನ ಜೊತೆ ಕಳಿಸುವ ತೊಟ್ಟಿಲ ಹಗ್ಗ ಸುತ್ತುತ್ತಾ ನಿಂತಿದ್ದ.

ಒಂಬತ್ತಕ್ಕೆ ಸರಿಯಾಗಿ ಆರತಿಯಾಯಿತು. ಅಪ್ಪ ಮುಂದೆ ನನ್ನ ಪಕ್ಕದಲ್ಲಿ, ಅಮ್ಮನೂ ತಂಗಿಯೂ ಮಗುವೂ ಹಿಂದೆ. ಬೀದಿಯ ತಿರುವಿನಲ್ಲಿ ಬ್ರೇಕು ಒತ್ತಿದೆ. ಸದ್ದೇ ಇಲ್ಲ. ಇನ್ನೊಮ್ಮೆ ಒತ್ತಿದೆ. ಚಕ್ರ ತೆಪ್ಪಗಿತ್ತು.

"ನೋಡ್ದಾ? ನಿನ್ನೆ ಹೇಳ್ಲಿಲ್ವಾ, ತಾನಾಗೇ ಸರಿಹೋಗ್ತೈತೆ ಅಂತ" ಎಂದೆ. ಅಪ್ಪ ಮುಗುಳ್ನಕ್ಕು ಕಿಟಕಿಯ ಕಡೆ ತಿರುಗಿದ. ಮಗನ ಮಾತು ಗೆದ್ದದ್ದಕ್ಕೆ ಖುಷಿ ಎಂದುಕೊಂಡೆ.

ಊರು ಬಿಟ್ಟ ಮೇಲೆ ನನಗೆ ಯೋಚನೆ ಶುರುವಾಯಿತು. ನಾಲ್ಕು ದಿನ ಓಡಬೇಕಾದದ್ದು ಒಂದೇ ಬೆಳಗಿಗೆ ಹೇಗೆ ಸರಿಹೋಯಿತು? ಬ್ರೇಕು ಒತ್ತಿದಾಗಲೆಲ್ಲ ಕಾರು ತುಸು ಬಲಕ್ಕೆ ವಾಲುತ್ತಿತ್ತು. ರಸ್ತೆಯ ಓರೆ ಇರಬಹುದು ಎಂದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಇನ್ನೂ ಹೆಚ್ಚು ವಾಲಿತು. ನಿಲ್ಲಿಸಿ ನೋಡಲೇ ಎನ್ನಿಸಿತು. ನಿಲ್ಲಿಸಿದರೆ ಅಪ್ಪನ ಎದುರು ನನ್ನ ಕೆಲಸವನ್ನು ನಾನೇ ಅನುಮಾನಿಸಿದಂತೆ. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಹಾಗೇ ಓಡಿಸಿದೆ.

ಅರ್ಧ ದಾರಿಯಲ್ಲಿ ರಸ್ತೆ ಒಂದು ಕೆರೆಯ ಏರಿಯ ಮೇಲೆ ಹತ್ತುತ್ತದೆ. ಎಡಕ್ಕೆ ಕೆಳಗೆ ಗದ್ದೆ, ಬಲಕ್ಕೆ ಕೆರೆ. ಆ ವರ್ಷ ಕೆರೆ ತುಂಬಿತ್ತು. ಏರಿ ತಿರುಗುವಲ್ಲಿ ಹಿಪ್ಪುನೇರಳೆ ಸೊಪ್ಪು ಹೇರಿದ ಎತ್ತಿನ ಗಾಡಿಯೊಂದು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಎತ್ತೊಂದು ನೊಗ ಕಳಚಿಕೊಂಡಿತ್ತು. ನಾನು ಬ್ರೇಕನ್ನು ಬಲವಾಗಿ ಒತ್ತಿದೆ.

ಕಾರು ನಿಲ್ಲಲಿಲ್ಲ. ಬಲಕ್ಕೆ ತಿರುಗಿತು. ಯಾರೋ ಕೈಯಿಂದ ಕಿತ್ತುಕೊಂಡಂತೆ ಸ್ಟೀರಿಂಗ್ ಹೊರಳಿತು. ನನ್ನ ಕಿಟಕಿಯ ಕೆಳಗೇ ನೀರು ಕಂಡಿತು. ಅಮ್ಮ ಕಿರುಚಿದಳು. ಬ್ರೇಕಿನಿಂದ ಕಾಲು ಕಿತ್ತು, ಕೈಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಕಾರು ಏರಿಯ ಅಂಚಿನ ಗುಂಡುಕಲ್ಲಿಗೆ ಬಡಿದು ನಿಂತಿತು. ಎಂಜಿನ್ ಆರಿತು. ಮಗು ಅಳತೊಡಗಿತು. ಅಷ್ಟು ಹಿತವಾದ ಅಳುವನ್ನು ನಾನು ಮತ್ತೆ ಕೇಳಿಲ್ಲ.

ಯಾರಿಗೂ ಏನೂ ಆಗಿರಲಿಲ್ಲ. ತಂಗಿ ಮಗುವನ್ನು ಎದೆಗೊತ್ತಿಕೊಂಡು ಮುದುಡಿ ಕೂತಿದ್ದಳು. ಮುಂದಿನ ಸೀಟಿಗೆ ಬಡಿದು ಅವಳ ಮೊಣಕೈ ತರಚಿತ್ತು ಅಷ್ಟೇ. ಗಾಡಿಯವನು ಓಡಿಬಂದು ಇಬ್ಬರು ಹೆಂಗಸರನ್ನೂ ಕೆಳಗಿಳಿಸಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಬಲಕ್ಕೆ ಎಳೆಯಿತೆಂದರೆ ಎಡದ ಬ್ರೇಕು ಹಿಡಿಯುತ್ತಿಲ್ಲ. ಎಡದ್ದು ನಾನು ಮೊದಲು ಬಿಚ್ಚಿದ್ದು, ಸ್ಪ್ರಿಂಗಿನ ಜಾಗ ಮರೆತದ್ದು. ಕೊಂದುಬಿಡುತ್ತಿದ್ದೆನಲ್ಲಾ ಎಂದುಕೊಳ್ಳುತ್ತಲೇ ಜಾಕಿ ಹಾಕಿ ಚಕ್ರ ಬಿಚ್ಚಿ ಡ್ರಮ್ಮು ಎಳೆದೆ.

ಸ್ಪ್ರಿಂಗುಗಳು ಇದ್ದಲ್ಲೇ ಇದ್ದವು. ಲೈನರ್ ಮಾತ್ರ ಕಪ್ಪಗೆ ಮಿರಿಮಿರಿ ಹೊಳೆಯುತ್ತಿತ್ತು. ಡ್ರಮ್ಮಿನ ತಳದಲ್ಲಿ ಎಣ್ಣೆ ನಿಂತಿತ್ತು. ಮೂಗಿನ ಹತ್ತಿರ ಹಿಡಿಯಬೇಕಾದ ಅಗತ್ಯವೇ ಇರಲಿಲ್ಲ. ನಾನು ಹುಟ್ಟಿದಾಗಿನಿಂದ ಉಸಿರಾಡಿದ ವಾಸನೆ ಅದು. ನಮ್ಮ ಹಜಾರದ ವಾಸನೆ, ಅಪ್ಪನ ಕೈಯ ವಾಸನೆ. ಬ್ರೇಕು ಬಿಗಿಮಾಡಲೆಂದು ಡ್ರಮ್ಮಿನ ಮುಖದಲ್ಲಿ, ಚಕ್ರ ಬಿಚ್ಚದೆಯೇ ಎಟಕುವ ಒಂದು ತೂತಿರುತ್ತದೆ. ಭಾನುವಾರ ನಾನು ಅದರೊಳಗೆ ತಿರುಪುಳಿ ತೂರಿಸುವುದನ್ನು ಅಪ್ಪ ಜಗಲಿಯಿಂದ ನೋಡಿದ್ದ. ಗಿಂಡಿಯ ಉದ್ದ ಮೂತಿ ಆ ತೂತಿಗೆ ಹೇಳಿ ಮಾಡಿಸಿದಂತಿತ್ತು.

ನಾನು ಎದ್ದು ತಿರುಗಿದೆ. ಅಪ್ಪ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದ.

"ಬುದ್ಧಿ ಐತೇನೋ ನಿಂಗೆ? ಮಗೂನ ಕೊಂದ್ಬಿಡ್ತಿದ್ದಲ್ಲೋ! ಮುಟ್ಬೇಡ ಅಂತ ಹೇಳಿರ್ಲಿಲ್ವಾ? ನಿನ್ ಹಾಳ್ ಮಗ್ಗದ ಎಣ್ಣೆ ತಂದು ಇದಕ್ಯಾಕೋ ಸುರ್ದೆ?"

ಹೆತ್ತ ಅಪ್ಪನನ್ನು, ಮಗಳ ಎದುರು, ಗುರುತಿಲ್ಲದ ಗಾಡಿಯವನ ಎದುರು ಹಾಗೆ ಅಂದೆ. ಅದಕ್ಕಿಂತ ಮೊದಲು ಹಾಗೆ ಅಂದಿರಲಿಲ್ಲ, ಆಮೇಲೂ ಅನ್ನಲಿಲ್ಲ. ಮುಟ್ಟಬೇಡ ಎಂದು ನಾನು ಹೇಳಿಯೂ ಇರಲಿಲ್ಲ. ಸುಮ್ಮನಿರು ಎಂದಿದ್ದೆ ಅಷ್ಟೇ. ಅಪ್ಪ ಲೈನರ್ ನೋಡಿದ, ಕೆರೆ ನೋಡಿದ, ಮಗುವನ್ನು ನೋಡಿದ. ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿದ. ಅಮ್ಮ ಮಾತ್ರ, "ಸಿಟ್ಟಲ್ಲಿ ಕುಯ್ಕೊಂಡ ಮೂಗು ಆಮೇಲೆ ಬರ್ತೈತೇನೋ?" ಎಂದು ಮುಖ ತಿರುಗಿಸಿಕೊಂಡಳು.

ಟ್ಯಾಂಕಿಗೆ ರಬ್ಬರ್ ಕೊಳವೆ ಇಳಿಬಿಟ್ಟು ಪೆಟ್ರೋಲ್ ಎಳೆದೆ. ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ಅಪ್ಪ ಹೆಗಲ ಮೇಲಿದ್ದ ಹೊಸ ವಲ್ಲಿಯನ್ನು ಎರಡು ಸೀಳು ಮಾಡಿ ಚಾಚಿದ. ಡ್ರಮ್ಮನ್ನು ತೊಳೆದೆ. ಲೈನರನ್ನು ತೊಳೆದು ಒರೆಸಿ, ಮತ್ತೆ ತೊಳೆದು ಒರೆಸಿದೆ. ಆದರೂ ಪೂರ್ತಿ ಎಣ್ಣೆ ಬಿಡಲಿಲ್ಲ. ಅಷ್ಟರಲ್ಲಿ ಗಾಡಿಯವನು ನೊಗ ಕಟ್ಟಿಕೊಂಡಿದ್ದ. ತಂಗಿಯೂ ಅಮ್ಮನೂ ಸೊಪ್ಪಿನ ಮೇಲೆ ಕೂತು ಹೊರಟರು. ಮುಂದಿನ ಹಳ್ಳಿಯಲ್ಲಿ ಬಸ್ಸು ಸಿಗುತ್ತಿತ್ತು. ಬಸ್ಸು ಬೇಡವೆಂದವನು ನಾನೇ.

"ನೀನೂ ಗಾಡೀಲಿ ಹೋಗು" ಎಂದೆ ಅಪ್ಪನಿಗೆ.

"ಇಲ್ಲ. ನಾನು ಇದ್ರಲ್ಲೇ ಬರ್ತೀನಿ" ಎಂದು ಅಪ್ಪ ಮುಂದಿನ ಸೀಟಿನಲ್ಲಿ ಕೂತ.

ಒಂದನೇ ಗೇರಿನಲ್ಲಿ, ಒಂದು ಕೈ ಕೈಬ್ರೇಕಿನ ಮೇಲೆ ಇಟ್ಟುಕೊಂಡು ಗಾಡಿಯ ಹಿಂದೆ ತೆವಳಿದೆ. ಏರಿ ಇಳಿದು ಬಯಲು ಬಂದ ಮೇಲೆ ಅಪ್ಪ ತನ್ನ ಅಂಗೈಯನ್ನು ನೋಡಿಕೊಳ್ಳುತ್ತಾ ಕೇಳಿದ.

"ಆ ಪಟ್ಟಿಗೆ ಎಣ್ಣೆ ಸೋಕ್ಲೇಬಾರ್ದಾ?"

"ಸೋಕ್ಬಾರ್ದು. ಸೋಕಿದ್ರೆ ಜಾರ್ತೈತೆ. ಹಿಡಿಯಲ್ಲ."

"ರೇಷ್ಮೆ ಇದ್ದಂಗೆ."

ಅಪ್ಪನೇ ಮತ್ತೆ ಹೇಳಿದ.

"ಮಗ್ಗದ ಮೈಗೆಲ್ಲಾ ಎಣ್ಣೆ ಬಿಡ್ತೀನಿ. ರೇಷ್ಮೆಗೆ ಒಂದ್ ತೊಟ್ಟು ಬೀಳಾಕೆ ಬಿಟ್ಟಿಲ್ಲ, ನಲವತ್ತು ವರ್ಷದಿಂದ. ಇದು ರೇಷ್ಮೆ ಹಂಗೆ ಕಣಪ್ಪಾ ಅಂತ ಒಂದ್ ಮಾತು ಅಂದಿದ್ರೆ ನಂಗೂ ಗೊತ್ತಾಗ್ತಿತ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹಳ್ಳಿಯಲ್ಲಿ ಹೆಂಗಸರಿಬ್ಬರೂ ಬಸ್ಸು ಹತ್ತಿದರು. ನಾವು ಹಿಂದಿನಿಂದ ನಿಧಾನವಾಗಿ ಹೋದೆವು. ಬ್ರೇಕು ಒತ್ತಿ ಒತ್ತಿ ಲೈನರ್ ಬಿಸಿಯಾಗಿ, ಉಳಿದ ಎಣ್ಣೆ ಹೊಗೆಯಾಗಿ ಹೋಗಿರಬೇಕು. ದೇವನಹಳ್ಳಿಯ ಕೋಟೆ ಬಾಗಿಲು ದಾಟುವಾಗ ಒತ್ತಿದರೆ ಎಡ ಚಕ್ರ ಕೀಈಈ ಎಂದಿತು. ಅಪ್ಪ ಬೆಚ್ಚಿ ನನ್ನ ಮುಖ ನೋಡಿದ. ಹಿಡಿಯುತ್ತಿದೆ, ಕೂಗಲಿ ಎನ್ನುವಂತೆ ನಾನು ತಲೆಯಾಡಿಸಿದೆ. ಬೀಗರ ಬೀದಿಯ ಉದ್ದಕ್ಕೂ ಅದು ಕೂಗುತ್ತಲೇ ಹೋಯಿತು. ಜನ ಬಾಗಿಲಿಗೆ ಬಂದು ನೋಡಿದರು. ತಂಗಿ ಆಗಲೇ ಹೊಸಿಲು ದಾಟಿದ್ದಳು, ಮಗು ಅಜ್ಜಿಯ ತೊಡೆಯ ಮೇಲಿತ್ತು.

"ಏನ್ ಬೀಗರೇ, ಕಾರು ಊರಿಗೆಲ್ಲಾ ಕೇಳೋ ಹಂಗೆ ಕೂಗ್ತೈತೆ?" ಎಂದು ತಂಗಿಯ ಮಾವ ನಕ್ಕರು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದ. "ಹೊಸ ಬ್ರೇಕು. ನನ್ನ ಮಗನೇ ಕೈಯಾರ ಹಾಕವ್ನೆ. ಅದು ಕೂಗ್ಬೇಕು ಬೀಗರೇ. ಎಣ್ಣೆ ಗಿಣ್ಣೆ ಬಿಡ್ಬಾರ್ದು."

ಅಲ್ಲೇ ಅಪ್ಪನ ಕಾಲು ಹಿಡಿಯಬೇಕಿತ್ತು. ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ. ಆಮೇಲೆ ಎಷ್ಟೋ ಸಲ ತಪ್ಪಾಯಿತೆಂದು ಹೇಳಬೇಕೆಂದುಕೊಂಡೆ. ಭಾನುವಾರಗಳು ಬಂದವು, ಹೋದವು. ನಾನು ಒಂದಲ್ಲ ಒಂದು ನಟ್ಟು ಬಿಗಿಯುತ್ತಲೇ ಇದ್ದೆ.

ಅದಾಗಿ ಒಂದು ವಾರವೋ ಹತ್ತು ದಿನವೋ ಕಳೆದಿತ್ತು. ನಾನು ರೈಲಿಗೆ ಹೊತ್ತಾಯಿತೆಂದು ಬೂಟಿನ ದಾರ ಕಟ್ಟುತ್ತಿದ್ದೆ. ಹಜಾರದಲ್ಲಿ ಮಗ್ಗ ಕಿರ್ ಅಂದಿತು. ಕಾಲಿನ ಸದ್ದು ನಿಂತಿತು. ಅಪ್ಪ ಗಿಂಡಿ ಎತ್ತಿದ್ದು ಕಾಣಿಸಿತು, ಆದರೆ ಅವನು ಎಣ್ಣೆ ಬಿಡಲಿಲ್ಲ. ಗಿಂಡಿ ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಗುಂಡಿಯೊಳಗಿನಿಂದಲೇ ತಲೆಯೆತ್ತಿ ನನ್ನನ್ನು ಕೇಳಿದ.

"ಇದಕ್ಕೆ ಬಿಡ್ಬೋದೇನಪ್ಪಾ?"

ಅಣಕವೇನಾದರೂ ಇದೆಯೇ ಎಂದು ಮುಖ ನೋಡಿದೆ. ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. "ಬಿಡು ಅಪ್ಪಾ, ನಿಂಗೆ ಗೊತ್ತಿಲ್ದೆ ಇರೋದಾ" ಎಂದೆ. ಆಮೇಲೆ ಎರಡು ತೊಟ್ಟು ಬಿಟ್ಟ.

ರೈಲು ತಪ್ಪಿತು. ಅವತ್ತು ನಾನು ಓಡಲಿಲ್ಲ. ಬಾಗಿಲ ಹೊಸಿಲ ಮೇಲೆ ಕೂತೆ. ಮಗ್ಗ ಮತ್ತೆ ಶುರುವಾಯಿತು. ನನ್ನ ಮಂಡಿ ಅಲ್ಲಾಡುತ್ತಿರಲಿಲ್ಲ.